ದಾರ ಎಳೆಯುವ ಚಾಪರ್: ಯುಗಾದಿ, ರಾಮನವಮಿ ಕಾಲದ ಅಡುಗೆಗೆ ಎಷ್ಟು ಆಸರೆ?

ಮಾರ್ಚ್ ಬಂದರೆ ಮನೆಯಲ್ಲಿ ಯಾರಿಗೂ ಬಿಡುವಿಲ್ಲ. ಮಕ್ಕಳಿಗೆ ಪರೀಕ್ಷೆ, ಆಫೀಸಿನಲ್ಲಿ 31ರೊಳಗೆ ಮುಗಿಸಬೇಕಾದ ಲೆಕ್ಕ, ಅದರ ನಡುವೆ ಯುಗಾದಿ, ರಾಮನವಮಿ. ಬಿಸಿಲಿಗೆ ಒಲೆ ಮುಂದೆ ನಿಲ್ಲುವುದೂ ಬೇಡ ಅನಿಸುತ್ತದೆ. ಪುಣ್ಯಕ್ಕೆ ಈ ಕಾಲದ ನಮ್ಮ ಅಡುಗೆಯೇ ಹಗುರ: ಕೋಸಂಬರಿ, ಮಾವಿನಕಾಯಿ ಚಿತ್ರಾನ್ನ, ತಂಬುಳಿ, ನೀರುಮಜ್ಜಿಗೆ, ಪಾನಕ. ಇವುಗಳಲ್ಲಿ ಹೆಚ್ಚಿನವಕ್ಕೆ ಒಗ್ಗರಣೆಯಷ್ಟು ಉರಿ ಸಾಕು. ಹೊತ್ತು ಹೋಗುವುದೆಲ್ಲ ಹೆಚ್ಚುವುದರಲ್ಲಿ, ತುರಿಯುವುದರಲ್ಲಿ. ಕರೆಂಟು ಬೇಡದ, ದಾರ ಎಳೆದರೆ ಹೆಚ್ಚಿಕೊಡುವ ಕೈ ಚಾಪರ್ ಪಾತ್ರೆ ಅಂಗಡಿಗಳಲ್ಲಿ ಇಷ್ಟು ಖರ್ಚಾಗುವುದಕ್ಕೆ ಇದೇ ಕಾರಣ. ಹಾಗಾಗಿ ಅದನ್ನು ಈ ಕಾಲದ ಒಂದೊಂದೇ ಅಡುಗೆಗೆ ಹಚ್ಚಿ ನೋಡುವುದೇ ಸರಿಯಾದ ಪರೀಕ್ಷೆ.

ಮೊದಲೇ ಹೇಳಿಬಿಡುವುದು ಒಳ್ಳೆಯದು: ಕೊಳ್ಳಬಹುದಾದ ವಸ್ತು, ಆದರೆ ಸೌತೆಕಾಯಿ ಕೋಸಂಬರಿಗಾಗಿ ಅಲ್ಲ. ಮಾವಿನಕಾಯಿ, ಕ್ಯಾರೆಟ್ಟು, ಬೇಯಿಸಿದ ಗುಜ್ಜೆ (ಎಳೆ ಹಲಸು), ಕರಬೂಜ, ಇವಕ್ಕೆ ಇದು ನಿಜವಾಗಿ ನೆರವಾಗುತ್ತದೆ. ಸೌತೆಕಾಯಿಯನ್ನು ಹಾಳು ಮಾಡುತ್ತದೆ. ತೆಂಗಿನಕಾಯಿ ತುರಿಯ ಕೆಲಸ ಇದರಿಂದ ಆಗದು.

ಒಳಗಿರುವ ಯಂತ್ರ ಸರಳ. ಪಾರದರ್ಶಕ ಪ್ಲಾಸ್ಟಿಕ್ ಬಟ್ಟಲು, ಅದರ ತಳದ ಮೊಳೆಯ ಮೇಲೆ ಕೂರುವ ಸ್ಟೀಲ್ ಬ್ಲೇಡು, ಮೇಲೆ ಮುಚ್ಚಳ. ಮುಚ್ಚಳದೊಳಗೆ ದಾರ ಸುತ್ತಿದ ಒಂದು ರಾಟೆ, ಅದನ್ನು ಹಿಂದಕ್ಕೆ ತಿರುಗಿಸುವ ಸುರುಳಿ ಸ್ಪ್ರಿಂಗು. ದಾರ ಎಳೆದಾಗ ಬ್ಲೇಡು ತಿರುಗುತ್ತದೆ, ಬಿಟ್ಟಾಗ ದಾರ ಒಳಗೆ ಹೋಗುತ್ತದೆ. ಹೆಸರು ಯಾವುದೇ ಇರಲಿ, ಒಳಗಿನ ಏರ್ಪಾಡು ಇದೇ. ಬ್ಲೇಡು ಕೊಯ್ಯುವುದಕ್ಕಿಂತ ಹೆಚ್ಚಾಗಿ ವೇಗದಿಂದ ಬಡಿಯುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಯಾವ ತರಕಾರಿ ಇದಕ್ಕೆ ಒಗ್ಗುತ್ತದೆ, ಯಾವುದು ಒಗ್ಗದು ಎಂದು ತಾನಾಗಿಯೇ ತಿಳಿಯುತ್ತದೆ. ಗಟ್ಟಿಯಾಗಿದ್ದು ನೀರು ಕಡಿಮೆ ಇರುವುದು ಪುಡಿಯಾಗುತ್ತದೆ. ಮೆತ್ತಗಿದ್ದು ನೀರು ತುಂಬಿದ್ದು ಜಜ್ಜಿಹೋಗುತ್ತದೆ.

ಇದರ ಅತಿ ಒಳ್ಳೆಯ ಬಳಕೆ ಮಾವಿನಕಾಯಿ ಚಿತ್ರಾನ್ನಕ್ಕೆ. ತುರಿಮಣೆಯಲ್ಲಿ ಮಾವಿನಕಾಯಿ ತುರಿದರೆ ಎಳೆ ಎಳೆಯಾಗಿ ಬಂದು ಅನ್ನದಲ್ಲಿ ಅಲ್ಲಲ್ಲಿ ಗಂಟು ಕಟ್ಟುತ್ತದೆ. ಒಂದು ತುತ್ತು ಹುಳಿ, ಇನ್ನೊಂದು ತುತ್ತು ಸಪ್ಪೆ. ಚಾಪರಿನಲ್ಲಿ ಅಕ್ಕಿ ನುಚ್ಚಿನಷ್ಟು ದಪ್ಪದ ಕಾಳಾಗುವುದರಿಂದ ಅನ್ನದ ತುಂಬ ಸಮನಾಗಿ ಹರಡುತ್ತದೆ. ಸಿಪ್ಪೆ ತೆಗೆದು, ಗೊರಟು ಬಿಟ್ಟು, ಅಂಗುಲದಷ್ಟು ತುಂಡು ಮಾಡಿ. ಎಳೆಯ ಕಾಯಿಯ ಗೊರಟು ಮೆತ್ತಗಿದ್ದು ಚಾಕುವಿಗೆ ಸಿಕ್ಕಿಬಿಡುತ್ತದೆ. ಒಳಗಿನ ಬಿಳಿ ಬೀಜ ಒಂದು ಚೂರು ಸೇರಿದರೂ ಒಗರು, ಹಾಗಾಗಿ ಬಿಡಿಸಿ ತೆಗೆಯಲೇಬೇಕು. ಬಟ್ಟಲು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಮೊದಲ ನಾಲ್ಕು ಸಲ ದಾರವನ್ನು ಗೇಣುದ್ದ ಮಾತ್ರ, ನಿಧಾನವಾಗಿ ಎಳೆಯಿರಿ. ತುಂಡುಗಳು ಒಡೆದ ಮೇಲೆ ಪೂರ್ತಿ ಎಳೆಯಿರಿ. ಒಟ್ಟು 12ರಿಂದ 15 ಎಳೆತ ಸಾಕು. 20 ದಾಟಿದರೆ ರಸ ಬಿಡಲು ಶುರು, ಚಿತ್ರಾನ್ನ ಮುದ್ದೆಯಾಗುತ್ತದೆ.

ಅಳತೆ ಹೀಗೆ: 200 ಗ್ರಾಂ ಸೋನಾ ಮಸೂರಿ ಅಕ್ಕಿಗೆ ಎರಡರಷ್ಟು ನೀರು ಹಾಕಿ, ಒಂದು ಸಣ್ಣ ಚಮಚ ಎಣ್ಣೆ ಬಿಟ್ಟು ಅನ್ನ ಮಾಡಿ ಅಗಲ ತಟ್ಟೆಯಲ್ಲಿ ಆರಿಸಿ. ತೋತಾಪುರಿ ಕಾಯಿಯಾದರೆ 150 ಗ್ರಾಂ ತಿರುಳು ಬೇಕು. ನಾಟಿ ಕಾಯಿ ಬಲು ಹುಳಿ, 80 ಗ್ರಾಂ ಹಾಕಿ ರುಚಿ ನೋಡಿ ಮುಂದುವರಿಯಿರಿ. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಮೊದಲು ಕಡಲೆಕಾಯಿ ಬೀಜ ಸಣ್ಣ ಉರಿಯಲ್ಲಿ ಹುರಿಯಿರಿ, ಅದಕ್ಕೇ ಹೆಚ್ಚು ಹೊತ್ತು ಬೇಕು. ಬೀಜ ಅರ್ಧ ಕೆಂಪಾದಾಗ ಸಾಸಿವೆ ಒಂದು ಸಣ್ಣ ಚಮಚ, ಅದು ಸಿಡಿದ ಮೇಲೆ ಕಡಲೆಬೇಳೆ, ಉದ್ದಿನಬೇಳೆ ಒಂದೊಂದು ಸಣ್ಣ ಚಮಚ. ಆಮೇಲೆ ಸೀಳಿದ ಹಸಿಮೆಣಸಿನಕಾಯಿ 4, ಕರಿಬೇವು, ಇಂಗು, ಅರ್ಧ ಸಣ್ಣ ಚಮಚ ಅರಿಶಿನ. ಈಗ ಒಲೆ ಆರಿಸಿ, ಬಾಣಲೆಯ ಕಾವಿಗೇ ಮಾವಿನಕಾಯಿ ಹಾಕಿ ಕೈಯಾಡಿಸಿ. ಉರಿ ಮೇಲಿಟ್ಟು ಎರಡು ನಿಮಿಷ ಬಾಡಿಸಿದರೂ ಹಸಿ ಮಾವಿನ ಪರಿಮಳ ಹೋಗಿ ಬರೀ ಹುಳಿ ಉಳಿಯುತ್ತದೆ. ಉಪ್ಪು ಒಂದೂವರೆ ಸಣ್ಣ ಚಮಚದ ಆಸುಪಾಸು. ಅನ್ನ ಬಿಸಿಯಿದ್ದಾಗ ಕಲೆಸಬೇಡಿ, ಅಗುಳು ಒಡೆಯುತ್ತದೆ. ಹಿಂದಿನ ರಾತ್ರಿಯೇ ಕಾಯಿ ಹೆಚ್ಚಿ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿಗೆ ಸೇರಿಸಿಟ್ಟರೆ ಬೆಳಗಿನ ಡಬ್ಬಿಗೆ ಕಾಲು ಗಂಟೆಯ ಕೆಲಸ.

ಇನ್ನು ಗುಜ್ಜೆ. ಮಲೆನಾಡು, ಕರಾವಳಿಯ ಕಡೆ ಎಳೆ ಹಲಸು ಕೈಗೆ ಬರುವ ಈ ದಿನಗಳಲ್ಲಿ ಅದರ ಪಲ್ಯ ಬೇಕೇ ಬೇಕು. ಅದರ ಕಷ್ಟ ಎರಡು: ಮೇಣ, ಮತ್ತು ಬೆಂದ ಮೇಲೆ ಜಜ್ಜಿ ಎಳೆ ಬಿಡಿಸುವ ಕೆಲಸ. ಮೊದಲನೆಯದಕ್ಕೆ ಚಾಪರ್ ಏನೂ ಮಾಡದು. ಹಸಿ ಗುಜ್ಜೆಯನ್ನು ಇದರೊಳಗೆ ಹಾಕಿದರೆ ಮೇಣ ಬ್ಲೇಡಿಗೂ ಮೊಳೆಗೂ ಅಂಟಿ, ತೊಳೆದು ತೆಗೆಯುವುದರಲ್ಲೇ ಸಾಕಾಗುತ್ತದೆ. ಆದರೆ ಎರಡನೆಯದಕ್ಕೆ ಇದರಷ್ಟು ಅನುಕೂಲ ಬೇರೆ ಇಲ್ಲ.

ಕೈಗೂ ಮೆಟ್ಟುಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಂಡು, ಮುಳ್ಳು ಸಿಪ್ಪೆಯನ್ನು ದಪ್ಪಗೆ ಕೆತ್ತಿ, ಗಟ್ಟಿ ದಿಂಡಿದ್ದರೆ ತೆಗೆದು, ಎರಡು ಅಂಗುಲದ ತುಂಡು ಮಾಡಿ ಮಜ್ಜಿಗೆ ಬೆರೆಸಿದ ನೀರಿಗೆ ಹಾಕಿ, ಇಲ್ಲವಾದರೆ ಕಪ್ಪಾಗುತ್ತದೆ. ಅರ್ಧ ಕಿಲೋ ತುಂಡಿಗೆ ಅರ್ಧ ಲೋಟ ನೀರು, ಉಪ್ಪು, ಚಿಟಿಕೆ ಅರಿಶಿನ ಹಾಕಿ ಕುಕ್ಕರಿನಲ್ಲಿ ಎರಡು ಕೂಗು. ನೀರು ಪೂರ್ತಿ ಬಸಿದು, ಕೈಯಲ್ಲಿ ಹಿಡಿಯುವಷ್ಟು ಆರಬೇಕು. ಬಿಸಿಬಿಸಿ ಹಾಕಿದರೆ ಒಳಗೆ ಹಬೆ ತುಂಬಿ ಮುಚ್ಚಳ ಬಿಗಿಯಾಗುತ್ತದೆ, ಅಗ್ಗದ ಪ್ಲಾಸ್ಟಿಕ್ ಆದರೆ ಸೀಳು ಬಿಡುತ್ತದೆ. ಮೂರು ಸರದಿಯಲ್ಲಿ ಹಾಕಿ ಪ್ರತಿ ಸಲ 4 ಅಥವಾ 5 ಎಳೆತ, ಅಷ್ಟೇ. ಎಳೆಗಳು ಬಿಡಿಸಿಕೊಂಡು, ಒರಳಿನಲ್ಲಿ ಜಜ್ಜಿದ ಹಾಗೆ ಬರುತ್ತದೆ. ಹತ್ತು ಸಲ ಎಳೆದರೆ ಮುದ್ದೆ. ಅರ್ಧ ಬಟ್ಟಲು ತೆಂಗಿನ ತುರಿ, 4 ಬ್ಯಾಡಗಿ ಮೆಣಸಿನಕಾಯಿ, ಅರ್ಧ ಸಣ್ಣ ಚಮಚ ಸಾಸಿವೆ, ಕಡಲೆ ಗಾತ್ರದ ಹುಣಸೆಹಣ್ಣು ನೀರು ಹಾಕದೆ ಮಿಕ್ಸಿಯಲ್ಲಿ ತರಿಯಾಗಿ ತಿರುಗಿಸಿ, ಕೊಬ್ಬರಿ ಎಣ್ಣೆಯ ಒಗ್ಗರಣೆಗೆ ಗುಜ್ಜೆಯ ಜೊತೆ ಸೇರಿಸಿ ಐದು ನಿಮಿಷ ಮುಚ್ಚಿಡಿ. ಕೊನೆಗೆ ಅಡಿಕೆ ಗಾತ್ರದ ಬೆಲ್ಲ.

ಈಗ ಕೋಸಂಬರಿ. ಚಾಪರ್ ಕೊಳ್ಳುವವರಲ್ಲಿ ಎಷ್ಟೋ ಮಂದಿಯ ಮನಸ್ಸಿನಲ್ಲಿರುವುದು ಇದೇ, ಸೋಲುವುದೂ ಇಲ್ಲೇ. ಕೋಸಂಬರಿಯ ಗುಣ ಎಲ್ಲ ಅದು ಉದುರುದುರಾಗಿ, ಗರಿಗರಿಯಾಗಿ ಇರುವುದರಲ್ಲಿದೆ. ಸೌತೆಕಾಯಿಯ ತೂಕದಲ್ಲಿ ನೂರಕ್ಕೆ 95ರಷ್ಟು ನೀರೇ. ಹರಿತವಾದ ಚಾಕು ಅಥವಾ ಈಳಿಗೆ ಮಣೆ ಅದನ್ನು ನಯವಾಗಿ ಕೊಯ್ಯುತ್ತದೆ, ಕೊಯ್ದ ಅಂಚಿನಿಂದ ಮಾತ್ರ ನೀರು ಬರುತ್ತದೆ. ಚಾಪರಿನ ಬ್ಲೇಡು ಬಡಿದಾಗ ತುಂಡಿನ ಒಳಗೂ ಜಜ್ಜಿಹೋಗುತ್ತದೆ. ಮೇಲೆ ಉಪ್ಪು ಬಿದ್ದರಂತೂ ಹತ್ತು ನಿಮಿಷದಲ್ಲಿ ಬಟ್ಟಲ ತಳದಲ್ಲಿ ನೀರು ನಿಂತಿರುತ್ತದೆ. ಬೇಳೆ ಅದರಲ್ಲಿ ತೇಲುತ್ತಿದ್ದರೆ ಅದನ್ನು ಕೋಸಂಬರಿ ಎನ್ನಲಾಗದು.

ಸರಿಯಾದ ದಾರಿ ಕೈಯಲ್ಲೇ ಹೆಚ್ಚುವುದು. 100 ಗ್ರಾಂ ಹೆಸರುಬೇಳೆಯನ್ನು ನಾಲ್ಕು ನೀರು ತೊಳೆದು 45 ನಿಮಿಷದಿಂದ ಒಂದು ಗಂಟೆ ನೆನೆಸಿ. ಉಗುರಿನಿಂದ ಒತ್ತಿದರೆ ಬೇಳೆ ಪಟ್ಟೆಂದು ಎರಡಾಗಬೇಕು. ನಡುವೆ ಬಿಳಿ ಗಟ್ಟಿ ಚುಕ್ಕೆ ಉಳಿದಿದ್ದರೆ ಇನ್ನೂ ಹತ್ತು ನಿಮಿಷ. ಬೇಸಿಗೆಯಲ್ಲಿ ಮೂರು ಗಂಟೆ ದಾಟಿಸಿದರೆ ಲೋಳೆಯಾಗಿ ವಾಸನೆ ಹಿಡಿಯುತ್ತದೆ. ಆಫೀಸಿಗೆ ಹೋಗುವವರು ರಾತ್ರಿ ನೆನೆಸುವುದಾದರೆ ಫ್ರಿಜ್ಜಿನಲ್ಲಿ ನೆನೆಸಬೇಕು. ಜಾಲರಿಗೆ ಸುರಿದು ಹತ್ತು ನಿಮಿಷ ನೀರಿಳಿಯಲು ಬಿಡುವುದನ್ನು ಎಷ್ಟೇ ಅವಸರವಿದ್ದರೂ ಬಿಡಬೇಡಿ. 200 ಗ್ರಾಂ ಎಳೆ ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ, ಬಲಿತ ಬೀಜವಿದ್ದರೆ ಚಮಚದಲ್ಲಿ ಕೆರೆದು ತೆಗೆದು, ಕಡಲೆಕಾಳಿನಷ್ಟು ಸಣ್ಣಗೆ ಹೆಚ್ಚಿ. ಕಾಲು ಬಟ್ಟಲು ತೆಂಗಿನ ತುರಿ, ಎರಡು ದೊಡ್ಡ ಚಮಚ ಮಾವಿನಕಾಯಿ, ಕೊತ್ತಂಬರಿ ಸೊಪ್ಪು ಸೇರಿಸಿ. ಒಂದು ಸಣ್ಣ ಚಮಚ ಎಣ್ಣೆಯಲ್ಲಿ ಸಾಸಿವೆ, ಹಸಿಮೆಣಸಿನಕಾಯಿ, ಇಂಗು, ಕರಿಬೇವಿನ ಒಗ್ಗರಣೆ ಮಾಡಿ, ಅದು ಆರಿದ ಮೇಲೆ ಹಾಕಿ. ಬಿಸಿ ಒಗ್ಗರಣೆಗೆ ಸೌತೆಕಾಯಿ ಬಾಡುತ್ತದೆ. ಉಪ್ಪು ಎಲೆಗೆ ಬಡಿಸುವ ಮುಂಚಿನ ಕ್ಷಣದಲ್ಲಿ. ಡಬ್ಬಿಗೆ ಕಟ್ಟುವುದಾದರೆ ಉಪ್ಪನ್ನು ಬೇರೆ ಪೊಟ್ಟಣದಲ್ಲಿ ಕೊಡಿ. 100 ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ. ಇಬ್ಬರು ಹಂಚಿಕೊಂಡರೂ ಮಧ್ಯಾಹ್ನದ ಊಟಕ್ಕೆ ಒಳ್ಳೆಯ ಆಧಾರ.

ಚಾಪರಿನಿಂದಲೇ ಕೋಸಂಬರಿ ಆಗಬೇಕೆಂದರೆ ಕಡಲೆಬೇಳೆ, ಕ್ಯಾರೆಟ್ಟಿನದು ಮಾಡಿ. ಕಡಲೆಬೇಳೆ ಎರಡು ಗಂಟೆ ನೆನೆಯಬೇಕು. 150 ಗ್ರಾಂ ಕ್ಯಾರೆಟ್ಟನ್ನು ಅರ್ಧ ಅಂಗುಲದ ಬಿಲ್ಲೆ ಮಾಡಿ 15 ಸಲ ಎಳೆದರೆ ಬೇಳೆಯ ಗಾತ್ರಕ್ಕೇ ಬರುತ್ತದೆ, ನೀರೂ ಅಷ್ಟಾಗಿ ಬಿಡುವುದಿಲ್ಲ. ಉದ್ದ ತುಂಡುಗಳನ್ನು ಹಾಗೇ ಹಾಕಿದರೆ ಬ್ಲೇಡಿಗೂ ಗೋಡೆಗೂ ನಡುವೆ ಸಿಕ್ಕಿಕೊಳ್ಳುತ್ತವೆ. ಹಾಗೆ ಸಿಕ್ಕಾಗ ದಾರವನ್ನು ಜೋರಾಗಿ ಎಳೆಯಲೇಬಾರದು. ಮುಚ್ಚಳ ತೆಗೆದು, ಚಮಚದ ಹಿಡಿಯಿಂದ ತುಂಡನ್ನು ಸರಿಸಿ, ಮತ್ತೆ ಮುಚ್ಚಿ. ದಾರ ಕಿತ್ತುಬರುವುದು ಬಹುಪಾಲು ಇಂಥ ಹೊತ್ತಿನಲ್ಲೇ.

ತೆಂಗಿನಕಾಯಿಯ ವಿಚಾರದಲ್ಲಿ ಪೆಟ್ಟಿಗೆಯ ಮೇಲಿನ ಚಿತ್ರ ನಂಬಬೇಡಿ. ಚಿಪ್ಪಿನಿಂದ ಬಿಡಿಸಿದ ಹೋಳುಗಳನ್ನು ಎಷ್ಟು ಎಳೆದರೂ ಕಲ್ಲುಸಕ್ಕರೆಯಂಥ ಹರಳಾಗುತ್ತದೆಯೇ ಹೊರತು ತುರಿಯಾಗುವುದಿಲ್ಲ. ತುರಿಮಣೆಯ ಹಲ್ಲು ಕಾಯನ್ನು ಕೆರೆಯುವುದರಿಂದ ಎಳೆ ಮೆತ್ತಗಾಗಿ ಹಾಲು ಬಿಡುತ್ತದೆ; ಆ ಮೆದುವೇ ಕೋಸಂಬರಿಗೂ ಪಲ್ಯಕ್ಕೂ ಬೇಕಾದದ್ದು. ತುರಿಮಣೆ ಇಲ್ಲದ ಮನೆಯಲ್ಲಿ ಹೋಳುಗಳ ಕಂದು ಸಿಪ್ಪೆ ಹೆರೆದು ಮಿಕ್ಸಿಯಲ್ಲಿ ನೀರಿಲ್ಲದೆ ಎರಡು ಮೂರು ಸಲ ಬಿಟ್ಟು ಬಿಟ್ಟು ತಿರುಗಿಸುವುದೇ ಲೇಸು. ಭಾನುವಾರ ಎರಡು ಕಾಯಿ ತುರಿದು, ಒಂದೊಂದು ಹಿಡಿಯ ಪೊಟ್ಟಣ ಮಾಡಿ ಫ್ರೀಜರಿನಲ್ಲಿಟ್ಟರೆ ವಾರ ಪೂರ್ತಿ ಆಯಿತು.

ತಂಬುಳಿಗೂ ಇದರಿಂದ ಪ್ರಯೋಜನವಿಲ್ಲ, ಅಲ್ಲಿ ನುಣ್ಣಗೆ ಅರೆಯಬೇಕು. ದೊಡ್ಡಪತ್ರೆಯ 12 ಎಲೆಯನ್ನು ಒಂದು ಸಣ್ಣ ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, 5 ಕಾಳುಮೆಣಸಿನ ಜೊತೆ ಬಾಡಿಸಿ, ಕಾಲು ಬಟ್ಟಲು ತುರಿಯೊಂದಿಗೆ ಮಿಕ್ಸಿಯಲ್ಲಿ ಅರೆದು, ಒಂದು ಬಟ್ಟಲು ಕಡೆದ ಮೊಸರಿಗೆ ಬೆರೆಸಿದರೆ ಸಾಕು. ಒಂದೆಲಗವಾದರೆ ಬಾಡಿಸುವುದೂ ಬೇಡ, ಹಸಿಯಾಗಿಯೇ ಅರೆಯುತ್ತಾರೆ. ಬೆರೆಸಿದ ಮೇಲೆ ಕಾಯಿಸುವಂತಿಲ್ಲ, ಒಡೆಯುತ್ತದೆ.

ನೀರುಮಜ್ಜಿಗೆಗೆ ಬೇಕಾಗುವುದು ಅರ್ಧ ಅಂಗುಲ ಶುಂಠಿ, ಒಂದು ಹಸಿಮೆಣಸಿನಕಾಯಿ, ಎಂಟು ಹತ್ತು ಕರಿಬೇವಿನ ಎಲೆ, ಸ್ವಲ್ಪ ಕೊತ್ತಂಬರಿ. ಇಷ್ಟು ಕಡಿಮೆ ಸಾಮಾನು ಚಾಪರಿನ ಬ್ಲೇಡಿಗೆ ಸಿಗುವುದೇ ಇಲ್ಲ. ಒಂದಷ್ಟು ಗೋಡೆಗೆ ಅಂಟುತ್ತದೆ, ಉಳಿದದ್ದು ಬ್ಲೇಡಿನ ಕೆಳಗೆ ಮಲಗಿರುತ್ತದೆ. ಕುಟ್ಟಾಣಿಯಲ್ಲಿ ಚಿಟಿಕೆ ಕಲ್ಲುಪ್ಪಿನ ಜೊತೆ ಅರ್ಧ ನಿಮಿಷ ಜಜ್ಜಿ, ಒಂದು ಲೋಟ ಮೊಸರಿಗೆ ಮೂರು ಲೋಟ ನೀರು ಸೇರಿಸಿ ಕಡೆದ ಮಜ್ಜಿಗೆಗೆ ಹಾಕಿ. ಜಜ್ಜಿದ ಶುಂಠಿ ಬಿಡುವ ಘಮ ಹೆಚ್ಚಿದ ಶುಂಠಿಗೆ ಬಾರದು.

ಬೆಲ್ಲವನ್ನು ಇದರೊಳಗೆ ಹಾಕಬೇಡಿ. ಅಚ್ಚು ಬೆಲ್ಲದ ತುಂಡಿಗೆ ಬ್ಲೇಡು ಬಾಗುತ್ತದೆ, ಬಟ್ಟಲು ಬಿರಿಯುತ್ತದೆ. ಪಾನಕಕ್ಕೆ 100 ಗ್ರಾಂ ಬೆಲ್ಲವನ್ನು 750 ಮಿ.ಲೀ. ನೀರಿನಲ್ಲಿ ಹಾಗೇ ನೆನೆಹಾಕಿದರೆ ಅರ್ಧ ಗಂಟೆಯಲ್ಲಿ ತಾನೇ ಕರಗುತ್ತದೆ. ಸೋಸಿ, ಒಂದು ನಿಂಬೆಹಣ್ಣು, ಕಾಲು ಸಣ್ಣ ಚಮಚ ಏಲಕ್ಕಿ ಪುಡಿ, ಅಷ್ಟೇ ಕಾಳುಮೆಣಸಿನ ಪುಡಿ, ಅರ್ಧ ಚಮಚ ಶುಂಠಿ ಪುಡಿ. ಆದರೆ ರಾಮನವಮಿಗೆ ಕರಬೂಜದ ಪಾನಕ ಮಾಡುವವರಿಗೆ ಚಾಪರ್ ತುಂಬ ಚೆನ್ನ. ಹಣ್ಣನ್ನು ಕತ್ತರಿಸುವ ಮುನ್ನ ಸಿಪ್ಪೆಯನ್ನು ಉಜ್ಜಿ ತೊಳೆಯಿರಿ, ಒರಟು ಸಿಪ್ಪೆಯ ಮೇಲಿನ ಮಣ್ಣು ಚಾಕುವಿನ ಜೊತೆ ಒಳಗೆ ಹೋಗುತ್ತದೆ. ಬೀಜ ತೆಗೆದ ಅರ್ಧ ಕಿಲೋ ತಿರುಳನ್ನು ಎರಡು ಸರದಿಯಲ್ಲಿ ಹಾಕಿ 5 ಅಥವಾ 6 ಸಲ ಎಳೆಯಿರಿ. ಮಿಕ್ಸಿಯಲ್ಲಿ ನೊರೆ ಎದ್ದು ಗಂಜಿಯಂತಾಗುವ ಹಣ್ಣು ಇಲ್ಲಿ ಅರ್ಧ ರಸ, ಅರ್ಧ ಹೋಳಾಗಿ ಬಾಯಿಗೆ ಸಿಗುತ್ತದೆ. ಕರಗಿಸಿ ಸೋಸಿದ ಬೆಲ್ಲದ ನೀರು ಎರಡು ಲೋಟ, ಏಲಕ್ಕಿ, ಅರ್ಧ ನಿಂಬೆಹಣ್ಣು ಸೇರಿಸಿ. ಅದೇ ಹಣ್ಣಿಗೆ ನೀರಿನ ಬದಲು ತೆಂಗಿನ ಹಾಲು, ಒಂದು ಹಿಡಿ ತೆಳು ಅವಲಕ್ಕಿ ಹಾಕಿದರೆ ರಸಾಯನ.

ಯಾವ ಗಾತ್ರ ಕೊಳ್ಳಬೇಕು ಎಂಬುದಕ್ಕೆ ಮೇಲಿನ ಅಡುಗೆಗಳೇ ಉತ್ತರ ಕೊಡುತ್ತವೆ. 400, 450 ಮಿ.ಲೀ. ಬಟ್ಟಲಿನಲ್ಲಿ ಅರ್ಧ ಮಾತ್ರ ತುಂಬಬೇಕಾದ್ದರಿಂದ ಒಂದು ಮಾವಿನಕಾಯಿಯೂ ಒಂದೇ ಸಲಕ್ಕೆ ಹಿಡಿಯದು. ಒಬ್ಬರು ಇಬ್ಬರಿಗೆ ಅದು ಸಾಕು. ನಾಲ್ಕು ಜನರ ಮನೆಗೆ 650ರಿಂದ 900 ಮಿ.ಲೀ. ಸರಿ. ಬ್ಲೇಡಿನ ಸಂಖ್ಯೆ ಹೆಚ್ಚಿದಷ್ಟೂ ಒಳ್ಳೆಯದು ಎಂಬ ಮಾತು ಈ ಅಡುಗೆಗಳಿಗೆ ಹೊಂದುವುದಿಲ್ಲ. ಐದಾರು ಬ್ಲೇಡಿನದು ಬೇಗ ಮುದ್ದೆ ಮಾಡುತ್ತದೆ, ಮೂರು ಬ್ಲೇಡಿನದರಲ್ಲಿ ಬೇಕಾದ ಹದಕ್ಕೆ ನಿಲ್ಲಿಸುವುದು ಸುಲಭ. ಅಂಗಡಿಯಲ್ಲೇ ಪೆಟ್ಟಿಗೆ ತೆಗೆಸಿ ಮೂರು ವಿಷಯ ನೋಡಿ. ಕೆಳಗಿನ ಬ್ಲೇಡಿಗೂ ತಳಕ್ಕೂ ನಡುವಿನ ಸಂದು ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚಿದ್ದರೆ ಅಲ್ಲಿ ಹೆಚ್ಚದ ತುಂಡು ಉಳಿಯುತ್ತದೆ. ಅಡಿಯಲ್ಲಿ ರಬ್ಬರ್ ಬಳೆ ಇಲ್ಲದಿದ್ದರೆ ಕಡಪ ಕಲ್ಲಿನ ಮೇಲೆ ಜಾರುತ್ತದೆ. ಮುಚ್ಚಳಕ್ಕೆ ತಿರುಗಿಸಿ ಬಿಗಿಯುವ ಬೀಗ ಇರಬೇಕು. ಬರೀ ಒತ್ತಿ ಕೂರಿಸುವ ಮುಚ್ಚಳ ಗಟ್ಟಿ ಮಾವಿನಕಾಯಿಗೆ ಎದ್ದುಬರುತ್ತದೆ.

ತೊಳೆಯುವಾಗ ಬ್ಲೇಡನ್ನು ನಡುವಿನ ಪ್ಲಾಸ್ಟಿಕ್ ಕಂಬ ಹಿಡಿದೇ ಎತ್ತಬೇಕು, ನೊರೆ ನೀರಿನೊಳಗೆ ಬಿಟ್ಟು ಕೈಯಾಡಿಸಿ ಹುಡುಕುವುದು ಅಪಾಯ. ಬಟ್ಟಲಿಗೆ ಅರ್ಧ ಲೋಟ ಉಗುರುಬೆಚ್ಚಗಿನ ನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ದ್ರವ ಹಾಕಿ ಹತ್ತು ಸಲ ಎಳೆದರೆ ಮುಕ್ಕಾಲು ಕೆಲಸ ಅದೇ ಮಾಡಿಕೊಳ್ಳುತ್ತದೆ. ಅರಿಶಿನದ ಕಲೆ ಸಾಬೂನಿಗೆ ಹೋಗದಿದ್ದರೆ ಒಂದೆರಡು ದಿನ ಬಿಸಿಲಿಗಿಡಿ, ಮಾಸುತ್ತದೆ. ಮುಚ್ಚಳವನ್ನು ಮಾತ್ರ ನೀರಿನಲ್ಲಿ ಮುಳುಗಿಸಲೇಬಾರದು. ಒಳಗೆ ನೀರು ಸೇರಿದರೆ ಸ್ಪ್ರಿಂಗು ತುಕ್ಕು ಹಿಡಿಯುತ್ತದೆ, ಒದ್ದೆ ದಾರ ವಾಸನೆ ಬರುತ್ತದೆ, ಕೆಲವು ತಿಂಗಳಲ್ಲಿ ದಾರ ಒಳಗೆ ಹೋಗುವುದು ನಿಲ್ಲುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಬೋರಲು ಹಾಕಿ ಆರಿಸಿ.

ಬಳಸುವಾಗ ಎಡಗೈ ಮುಚ್ಚಳದ ಮೇಲೆ ಊರಿ, ದಾರವನ್ನು ಅಡ್ಡಕ್ಕೆ, ಬಟ್ಟಲಿಗೆ ಸಮಮಟ್ಟದಲ್ಲಿ ಎಳೆಯಬೇಕು. ಮೇಲಕ್ಕೆ ಎಳೆದರೆ ದಾರ ತೂತಿನ ಅಂಚಿಗೆ ಉಜ್ಜಿ ಸವೆಯುತ್ತದೆ. ಎಳೆದ ಮೇಲೆ ಹಿಡಿಯನ್ನು ಕೈಬಿಡದೆ, ದಾರದ ಜೊತೆಗೇ ಕೈಯನ್ನು ಹಿಂದಕ್ಕೆ ಕೊಂಡೊಯ್ಯಿರಿ. ದಾರ ತುಂಡಾದರೂ ಕೂಡಲೇ ಎಸೆಯಬೇಡಿ: ಮುಚ್ಚಳದಲ್ಲಿ ಸ್ಕ್ರೂ ಇರುವ ಮಾದರಿಯಾದರೆ ಬಿಚ್ಚಿ, ರಾಟೆಗೆ ಅದೇ ದಪ್ಪದ ನೈಲಾನ್ ದಾರ ಗಂಟು ಹಾಕಿ, ಸ್ಪ್ರಿಂಗನ್ನು ಮೂರು ನಾಲ್ಕು ಸುತ್ತು ಬಿಗಿದು ಮತ್ತೆ ಕೂರಿಸಬಹುದು. ಬಿಚ್ಚುವಾಗ ಸ್ಪ್ರಿಂಗು ಚಿಮ್ಮುತ್ತದೆ, ಮುಚ್ಚಳವನ್ನು ಬಟ್ಟೆಯಲ್ಲಿ ಹಿಡಿದುಕೊಂಡು ಮಾಡಿ. ಅಂಟಿಸಿ ಮುಚ್ಚಿದ ಮಾದರಿಗೆ ಈ ರಿಪೇರಿ ಆಗದು. ಅದಕ್ಕೇ ಕೊಳ್ಳುವಾಗ ಮುಚ್ಚಳ ತಿರುಗಿಸಿ ಸ್ಕ್ರೂ ಇದೆಯೇ ಎಂದು ನೋಡಿಕೊಳ್ಳಿ.